ತಿರುಮಣಿಯ ಗೋದಲಿಗೆ ಹೊರಟ ರಾಗಿ ಪೈರು

ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ, ಒಂದು ತಟ್ಟೆ ರಾಗಿ ಪೈರು ಹಿಡಿದುಕೊಂಡು ಹೊಳವನಹಳ್ಳಿಯಲ್ಲಿ ಬಸ್ ಹತ್ತಿದೆ. ಹೋಗಬೇಕಾಗಿದ್ದು ಪಾವಗಡದ ಆಚೆ ತಿರುಮಣಿಗೆ, ಗೆಳತಿ ಸುನೀತಾಳ ಮನೆಗೆ. ಯಾವ ದೇಶದವರು ಈ ಹಬ್ಬವನ್ನು ಹೇಗೆ ಮಾಡುತ್ತಾರೆ ಅಂತ ಮೊಬೈಲಿನಲ್ಲಿ ನೋಡಿ ನೋಡಿ ನನಗೆ ಹುಚ್ಚು ಹಿಡಿದಿತ್ತು. ಒಂದು ಕಡೆ ಹಿಮ, ಇನ್ನೊಂದು ಕಡೆ ಸಮುದ್ರದ ದಡದಲ್ಲಿ ಊಟ. ನಮ್ಮ ಜಿಲ್ಲೆಯದನ್ನು ಮಾತ್ರ ನೋಡಿರಲೇ ಇಲ್ಲ!

ಸುನೀತಾಳ ಅಮ್ಮ ಮೊದಲ ಸಲ ಮನೆಯಲ್ಲಿ ಗೋದಲಿ ಕಟ್ಟುತ್ತಿದ್ದರು. ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. ಅದರ ಮುಂದಿನ ಹುಲ್ಲುಗಾವಲಿಗೆ ರಾಗಿ ಬಿತ್ತಿ ಬೆಳೆಸುತ್ತಾರೆ. ಸಂಜೆಗೆ ಬೀದಿಯವರನ್ನೆಲ್ಲ ಕರೆದಾಗಿತ್ತು. ಅಷ್ಟರಲ್ಲಿ ಕೋಳಿಗಳು ಪೈರನ್ನೆಲ್ಲ ಕೆದರಿ ಹಾಕಿದ್ದವು. ಸುನೀತಾ ಫೋನ್ ಮಾಡಿ, "ಲೇ, ನಾನು ಹೇಳ್ದೆ ಅಂತ ನೀನೂ ಒಂದ್ ತಟ್ಟೇಲಿ ಹಾಕಿದ್ದಲ್ಲಾ, ಅದ್ನ ತಗಂಡ್ ಬಂದ್ಬುಡೇ. ಅಮ್ಮ ಊಟಾನೇ ಮಾಡ್ತಿಲ್ಲ" ಅಂದಳು.

ಮಧುಗಿರಿಯಲ್ಲಿ ಬಸ್ ಬದಲಿಸಿ, ಆಧಾರ್ ತೋರಿಸಿ ಉಚಿತ ಟಿಕೆಟ್ ತೆಗೆದುಕೊಂಡೆ.

"ತಟ್ಟೆಗೂ ಆಧಾರ್ ಐತೇನಮ್ಮಾ?" ಅಂದ ಕಂಡಕ್ಟರ್.

ಪಕ್ಕದ ಅಜ್ಜಿ, "ಯಾರ ಮದ್ವೆಗೆ ಕಣಮ್ಮ ಈ ಪೈರು?" ಅಂತ ಕೇಳಿದರು.

"ಮದ್ವೆಗಲ್ಲಜ್ಜಿ, ಯೇಸು ಹುಟ್ಟಿದ ಹಬ್ಬಕ್ಕೆ."

"ಓ, ಮಗೀಗಾ! ಇಂಗ್ ಕೊಡು, ನಾನ್ ಹಿಡ್ಕಂತೀನಿ. ನೀನ್ ಮಲೀಕೋ."

ಮಿಡಿಗೇಶಿ ದಾಟುವಾಗ ತಣ್ಣನೆ ಗಾಳಿಗೆ ಕಣ್ಣು ಹತ್ತಿತು. ಎಚ್ಚರವಾದಾಗ ಅಜ್ಜಿಯೂ ತೂಕಡಿಸುತ್ತಿದ್ದರು. ಅವರ ಕಾಲ ಬಳಿ ಕಟ್ಟಿದ್ದ ಮೇಕೆಮರಿ ಕತ್ತು ಚಾಚಿ ತಟ್ಟೆಯ ಒಂದು ಬದಿಯನ್ನು ಬೋಳು ಮಾಡಿತ್ತು!

"ಅಯ್ಯೋ, ನಿನ್ ಬಾಯಿಗ್ ಮಣ್ಣಾಕ!" ಅಂತ ಅಜ್ಜಿ ಮರಿಯನ್ನು ಗದರಿದರು. ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಮಾತ್ರ ಅಳು ಬಂತು.

ಪಾವಗಡದಲ್ಲಿ ಡಿಸೆಂಬರಿನಲ್ಲೂ ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿಂದ ಇನ್ನೊಂದು ಬಸ್. ತಿರುಮಣಿ ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಹಲಗೆಗಳು. ಸುನೀತಾಳ ಮನೆಯ ಬೇವಿನ ಮರದಲ್ಲಿ ಕಾಗದದ ನಕ್ಷತ್ರ ತೂಗುತ್ತಿತ್ತು. ಒಳಗೆ ಗೋದಲಿಯ ಹಿಂದೆಯೂ ಪುಟ್ಟ ಸೋಲಾರ್ ಹಲಗೆಗಳು, ಬಿಸ್ಕತ್ತಿನ ಹೊಳೆಯುವ ಕಾಗದದಲ್ಲಿ ಮಾಡಿದ್ದು!

"ಯೇಸು ನಮ್ಮೂರಲ್ಲಿ ಹುಟ್ಟಿದ್ಮೇಲೆ ಇವು ಇಲ್ದೆ ಇರ್ತಾವಾ?" ಅಂದಳು ಸುನೀತಾ.

ನಾನು ತಟ್ಟೆ ಚಾಚಿ, "ಆಂಟಿ, ಬಸ್ಸಲ್ಲಿ ಒಂದು ಮೇಕೆಮರಿ..." ಅಂದೆ.

ಅವರು ಬೋಳು ಜಾಗವನ್ನು ಬೆರಳಿನಲ್ಲಿ ಸವರಿ ನೋಡಿದರು. ಪೈರನ್ನು ಮಣ್ಣಿನ ಸಮೇತ ಎತ್ತಿ ಗೋದಲಿಯ ಮುಂದೆ ಕೂರಿಸಿದರು. ಆಮೇಲೆ ಮಣ್ಣಿನ ಕುರಿಗಳನ್ನು ತಂದು, ತಲೆ ತಗ್ಗಿಸಿ ಮೇಯುವ ಹಾಗೆ ಆ ಬೋಳಿನ ಅಂಚಿಗೇ ನಿಲ್ಲಿಸಿದರು.

"ಏಮೀ ಕಾಲೇದು ತಲ್ಲೀ," ಏನೂ ಆಗಿಲ್ಲ ತಾಯಿ ಅಂತ ತಮ್ಮ ತೆಲುಗಿನಲ್ಲಿ ಹೇಳಿ ನಕ್ಕರು. "ನಮ್ ಗೊರ್ರೆಲು, ಈ ಕುರಿಗಳು, ಮೇಯ್ದವು ಅಂದ್ರಾಯ್ತು. ರಾ, ಊಟ ಮಾಡಾಣ."

ಮುದ್ದೆ, ಕಡ್ಲೆಕಾಯಿ ಚಟ್ನಿ. ನನಗಿಂತ ಅವರೇ ಹೆಚ್ಚು ತಿಂದರು.

ಸಂಜೆ ಬೀದಿಗೆ ಬೀದಿಯೇ ಬಂತು. ಕುರಿ ಕಾಯುವ ತಾತ ಒಬ್ಬರು ಬಗ್ಗಿ ನೋಡಿ, "ಲೇ, ದಿಟವಾಗ್ಲೂ ಮೇಯ್ದಂಗೇ ಐತಲ್ಲಾ! ಹೆಂಗ್ ಮಾಡ್ದೆಮ್ಮಾ?" ಅಂತ ಕೇಳಿದರು.

ಆಂಟಿ ನನ್ನ ಕಡೆ ಕಣ್ಣು ಮಿಟುಕಿಸಿದರು. "ಅದಾ? ಮಧುಗಿರಿ ಕಡೆಯಿಂದ ಸ್ಪೆಷಲ್ಲಾಗಿ ಮೇಯಿಸ್ಕಂಡು ತರಿಸ್ದೆ!"

ಹಬ್ಬ ಮುಗಿಸಿ ಹೊರಟಾಗ ಅದೇ ತಟ್ಟೆಯ ತುಂಬ ಕಜ್ಜಾಯ. ಬಸ್ ಹತ್ತಿದವಳು ಸೀಟು ಹುಡುಕಲಿಲ್ಲ. ಮೊದಲು ಎಲ್ಲರ ಕಾಲ ಬಳಿ ಬಗ್ಗಿ ನೋಡಿದೆ.