ಹಲ್ಲಿಯ ಪೊರೆಯೂ ಓರೆಸ್ಟನ ‘ಹೌದು’ಗಳೂ

ನಮ್ಮ ಟಾರ್ವಿನ್ ಊರಿನಲ್ಲಿ ತಿಳಿದವರಿಗೆ ಎಂದೂ ಬರ ಬಂದಿಲ್ಲ. ಇರುವುದು ನಾನೂರು ಜನ. ಅದರಲ್ಲಿ ಮುನ್ನೂರ ತೊಂಬತ್ತೊಂಬತ್ತು ಮಂದಿ ಎಲ್ಲ ಬಲ್ಲವರು. ಮಿಕ್ಕ ಒಬ್ಬ ಕ್ಷೌರಿಕ ಓರೆಸ್ಟ್ ಹಾಲಿಕ್.

ಅವನಿಗೆ ಅಪ್ಪನಿಂದ ಬಂದ ಆಸ್ತಿ ಮೂರು: ಮುಖ್ಯರಸ್ತೆಯ ಅಂಗಡಿ, ಕೆಂಪು ಚರ್ಮದ ಕುರ್ಚಿ, ಮತ್ತು ಒಂದು ಬುದ್ಧಿಮಾತು. ಸಾಯುವ ಮುನ್ನ ಆ ಹಿರಿಯ ಹೇಳಿದ್ದನಂತೆ, “ಕತ್ತಿ ನಿನ್ನ ಕೈಲಿರೋವಾಗ ಮಾತು ಅವರದ್ದಾಗಿರ್ಲಿ, ಮಗ.” ಓರೆಸ್ಟ್ ಅದನ್ನು ಮೂವತ್ತಾರು ವರ್ಷ ತಪ್ಪದೆ ಪಾಲಿಸಿದ. ಬೆಳಿಗ್ಗೆ ಒಬ್ಬ ಕೂತು ಈ ಸಲ ಗೋಧಿ ಚೆನ್ನಾಗಿ ಬರುತ್ತದೆ ಎಂದರೆ “ಹೌದು, ನಿಜ.” ಮಧ್ಯಾಹ್ನ ಇನ್ನೊಬ್ಬ ಕೂತು ಈ ಸಲ ಗೋಧಿ ನೆಲ ಕಚ್ಚುತ್ತದೆ ಎಂದರೆ ಅದಕ್ಕೂ “ಹೌದು, ನಿಜ.” ಇಬ್ಬರೂ ಬೀದಿಗೆ ಹೋಗಿ, ಓರೆಸ್ಟನಷ್ಟು ಬುದ್ಧಿವಂತ ಈ ಸಸ್ಕಾಚೆವಾನ್ ಪ್ರಾಂತ್ಯದಲ್ಲೇ ಇಲ್ಲ ಎಂದು ಸಾರುತ್ತಿದ್ದರು.

ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಕ್ಲಬ್ಬಿನ ಲಾಟರಿ ಚೀಟಿ ಎತ್ತುವ ದಿನ ಅವನ ಕಣ್ಣಿದ್ದದ್ದು ಮೊದಲ ಬಹುಮಾನದ ಮೇಲೆ, ಅರ್ಧ ಹಂದಿ. ಫ್ರೀಜರಿನಲ್ಲಿ ಜಾಗವನ್ನೂ ಮಾಡಿಟ್ಟು ಬಂದಿದ್ದ. ಬಂದದ್ದು ಮೂರನೆಯ ಬಹುಮಾನ. ಊರು ಬಿಟ್ಟು ಹೋದ ಟೀಚರಮ್ಮನೊಬ್ಬಳು ಕ್ಲಬ್ಬಿಗೆ ದಾನ ಮಾಡಿದ್ದ ಚುಕ್ಕೆ ಹಲ್ಲಿ. ಜೊತೆಗೆ ಗಾಜಿನ ಪೆಟ್ಟಿಗೆ, ಬಿಸಿಗೆ ದೀಪ, ತಿನ್ನಲು ಒಂದು ಡಬ್ಬಿ ಜೀರುಂಡೆ. ಇಂಥದ್ದನ್ನು ದಾನ ಮಾಡುವುದು ಎಷ್ಟು ಸುಲಭ ಎಂಬುದು ದಾನಿಗಳಿಗೆ ಮಾತ್ರ ಗೊತ್ತು.

ಓರೆಸ್ಟ್ ಅದಕ್ಕೆ ಲೆಸ್ಯಾ ಎಂದು ಹೆಸರಿಟ್ಟ. ಅವನ ಚಿಕ್ಕಮ್ಮನ ಹೆಸರು ಅದು. ಆಕೆಯೂ ದಿನವಿಡೀ ಒಲೆಯ ಪಕ್ಕದ ಬೆಚ್ಚನೆಯ ಮೂಲೆ ಹಿಡಿದು, ಬಂದವರನ್ನೆಲ್ಲ ಇವರು ಯಾಕೆ ಬಂದರೋ ಎಂಬಂತೆ ನೋಡುತ್ತಿದ್ದಳು. ಪೆಟ್ಟಿಗೆ ಕನ್ನಡಿಯ ಪಕ್ಕ, ಬಾಚಣಿಗೆಗಳ ಸಾಲಿನಲ್ಲಿ ಕೂತಿತು. ಒಂದು ತಿಂಗಳಲ್ಲಿ, ಅಂಗಡಿ ತೆರೆದವನು ಮೊದಲು ಮಾತಾಡಿಸುತ್ತಿದ್ದದ್ದು ಅವಳನ್ನೇ. ಒಂಟಿ ಮನುಷ್ಯ. ಊರಿಗೆಲ್ಲ ‘ಹೌದು’ ಹೇಳಿ ಹೇಳಿ ದವಡೆ ನೋಯುವವನಿಗೆ, ಯಾವುದರ ಬಗ್ಗೆಯೂ ಅಭಿಪ್ರಾಯವಿಲ್ಲದ ಜೀವವೊಂದು ಸಿಕ್ಕಿತ್ತು.

ಜನವರಿ ಬಂತು. ಹೊರಗೆ ಸೊನ್ನೆಯ ಕೆಳಗೆ ಮೂವತ್ತೆಂಟು ಡಿಗ್ರಿ. ಒಳಗೆ ಅಂಗಡಿ ಕಾಯಿಸುವ ಒಲೆ ಹಗಲಿರುಳು ಉರಿದು, ಬಾಗಿಲ ಹಿಡಿ ಮುಟ್ಟಿದರೆ ಕಿಡಿ ಹಾರುವಷ್ಟು ಒಣಗಾಳಿ. ಲೆಸ್ಯಾಳ ಮೈ ಬಿಳಿಚಿತು. ಪೊರೆ ಬಿಡುವ ಕಾಲ. ಎರಡು ಸಲ ಓರೆಸ್ಟ್ ಅದನ್ನು ನೋಡಿದ್ದ. ಕಾಲುಚೀಲ ಕಳಚಿದಂತೆ ಕಳಚಿ, ಕಳಚಿದ್ದನ್ನು ತಾನೇ ತಿಂದು ಮುಗಿಸುತ್ತಿದ್ದಳು. ಈ ಸಲ ಮೈಯ ಪೊರೆ ಹೋಯಿತು, ಬೆರಳುಗಳದು ಹೋಗಲಿಲ್ಲ. ಒಂದೊಂದು ಬೆರಳಿಗೂ ದಾರ ಬಿಗಿದು ಸುತ್ತಿದ ಹಾಗೆ ಅಂಟಿಕೊಂಡಿತು.

ಮೊದಲು ಕಂಡದ್ದು ಡ್ವೇನ್ ಕ್ರಾನ್‌ಗೆ. ಧಾನ್ಯದ ಗೋದಾಮು ನೋಡಿಕೊಂಡು ನಿವೃತ್ತನಾದವನು. ಈಗ ಅಂಗಡಿಯ ಬೆಂಚಿನಲ್ಲಿ ಕೂತು ಲೋಕವನ್ನು ನೋಡಿಕೊಳ್ಳುತ್ತಾನೆ. ನಾನೂ ಅದೇ ಬೆಂಚಿನ ಇನ್ನೊಂದು ತುದಿಯ ಖಾಯಂ ಗಿರಾಕಿ.

“ಲೋ ಓರೆಸ್ಟ್, ಇದಕ್ಕೆ ಚಳಿ ಕಣೋ,” ಎಂದ ಡ್ವೇನ್. “ಮರುಭೂಮಿ ಪ್ರಾಣಿ. ಇನ್ನೊಂದು ದೀಪ ಹಾಕು.”

“ಹೌದು, ನಿಜ,” ಎಂದ ಓರೆಸ್ಟ್.

ನಮ್ಮೂರಿನಲ್ಲಿ ಕೆಟ್ಟದ್ದಕ್ಕೆಲ್ಲ ಕಾರಣ ಚಳಿಯೇ. ಲಾರಿ ಹೊರಡದಿದ್ದರೆ ಚಳಿ, ಮದುವೆ ಮುರಿದರೆ ಚಳಿ. ಎರಡನೆಯ ದೀಪ ಬಂತು. ಪೊರೆ ಇನ್ನಷ್ಟು ಒಣಗಿ ಬಿಗಿಯಿತು. ಡ್ವೇನ್ ಬಂದು ನೋಡಿ, “ಸಾಲ್ದು, ಇನ್ನೊಂದು ಹಾಕು” ಎಂದ. ಮೂರನೆಯ ದೀಪ ಉರಿದ ಐದನೆಯ ದಿನ, ಹಿಂಗಾಲಿನ ಕಿರುಬೆರಳು ಕಪ್ಪಾಗಿ ಉದುರಿ ಮರಳಿನಲ್ಲಿ ಬಿದ್ದಿತ್ತು. ಓರೆಸ್ಟ್ ಅದನ್ನು ಹುಬ್ಬು ಕತ್ತರಿಸುವ ಸಣ್ಣ ಕತ್ತರಿಯ ತುದಿಯಿಂದ ಎತ್ತಿ ಬಹಳ ಹೊತ್ತು ನೋಡಿದ. ಅಂದು ಕುರ್ಚಿಯಲ್ಲಿ ಕೂತಿದ್ದವನು ಬೇಸಿಗೆಯ ಬಗ್ಗೆ ಏನೋ ಹೇಳಿದ. ಓರೆಸ್ಟ್ ‘ಹೌದು’ ಎನ್ನುವುದನ್ನೇ ಮರೆತ.

“ಇರೋದು ಇಪ್ಪತ್ತು ಬೆರಳು ತಾನೇ,” ಎಂದು ಡ್ವೇನ್ ಸಮಾಧಾನ ಹೇಳಿದ. “ಇನ್ನೂ ಹತ್ತೊಂಬತ್ತು ಇದೆಯಲ್ಲ.”

ಓರೆಸ್ಟ್ ಪಶುವೈದ್ಯರಿಗೆ ಫೋನ್ ಮಾಡಿದ. ಸುತ್ತ ನೂರು ಮೈಲಿಗೆ ಇರುವುದು ಅವರೊಬ್ಬರೇ, ದನದ ಡಾಕ್ಟರು.

“ಎಷ್ಟಿದೆ ತೂಕ?” ಅತ್ತಲಿಂದ ದನಿ ಬಂತು.

“ಅರವತ್ತು ಗ್ರಾಂ, ಡಾಕ್ಟ್ರೇ.”

“ನನ್ನ ಥರ್ಮಾಮೀಟರೇ ಅದಕ್ಕಿಂತ ಭಾರ ಇದೆ, ಮಾರಾಯ. ನೋಡು, ಹಲ್ಲಿ ವಿಷಯ ನಂಗೊತ್ತಿಲ್ಲ. ಒಂದ್ ಮಾತ್ ಹೇಳ್ತೀನಿ, ಬಾಲ ಹಿಡೀಬೇಡ, ಕಳಚಿ ಕೈಗೆ ಬರತ್ತೆ. ಇನ್ನು ಕರು ಏನಾದ್ರೂ ಹೊಟ್ಟೇಲಿ ಅಡ್ಡ ಸಿಕ್ಕೊಂಡ್ರೆ ಫೋನ್ ಮಾಡು.”

ಗೊತ್ತಿಲ್ಲ ಎಂದ ಮನುಷ್ಯ ಆ ತಿಂಗಳಲ್ಲಿ ಅವರೊಬ್ಬರೇ. ಇಂಟರ್ನೆಟ್ ನಮ್ಮೂರಿಗೂ ಬಂದಿದೆ. ಆದರೆ ಡ್ವೇನ್ ಬದುಕಿರುವಾಗ ಅದನ್ನು ಕೇಳುವುದು ಡ್ವೇನ್‌ಗೆ ಮಾಡುವ ಅವಮಾನ.

ಆಮೇಲೆ ಪಕ್ಕದ ಬೇಕರಿಯ ಮ್ಯೂರಿಯಲ್ ಬಂದಳು. ಅವಳ ಲೋಕದಲ್ಲಿ ಬೆಣ್ಣೆಯಿಂದ ವಾಸಿಯಾಗದ್ದು ಯಾವುದೂ ಇಲ್ಲ.

“ಚೆನ್ನಾಗಿ ಸವರಪ್ಪ, ಜಿಪುಣತನ ಮಾಡ್ಬೇಡ. ಬ್ರೆಡ್ಡು ಪಾತ್ರೆಗೆ ಅಂಟಿದ್ರೆ ನಾನೇನ್ ಮಾಡ್ತೀನಿ ಹೇಳು?”

“ಹೌದು, ನಿಜ.”

ಅರ್ಧ ಗಂಟೆಯಲ್ಲಿ ಲೆಸ್ಯಾ ತನ್ನ ಪೆಟ್ಟಿಗೆಯ ಮರಳನ್ನೆಲ್ಲ ಮೈಗೆ ಮೆತ್ತಿಕೊಂಡು, ಹುರಿಯಲು ಸಿದ್ಧವಾದ ಕಟ್ಲೆಟ್ಟಿನಂತೆ ಕೂತಿದ್ದಳು. ಒಂದು ಜೀರುಂಡೆ ಹತ್ತಿರ ಬಂದು, ಕಾಲು ಅಂಟಿ, ಅಲ್ಲೇ ನಿಂತಿತು. ಮ್ಯೂರಿಯಲ್ ನೋಡಿ, “ಉಪ್ಪಿಲ್ದ ಬೆಣ್ಣೆ ಹಚ್ಬೇಕಿತ್ತು, ಅದೇ ತಪ್ಪಾಗಿದ್ದು” ಎಂದಳು. ಬುಧವಾರದ ಹೊತ್ತಿಗೆ ಎಡ ಮುಂಗಾಲಿನ ಮೂರು ಬೆರಳು ಊದಿ ನೇರಳೆಗಟ್ಟಿದ್ದವು. ಇವತ್ತೋ ನಾಳೆಯೋ ಅವೂ ಮರಳಿಗೆ ಬೀಳುವವು ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಲೆಸ್ಯಾ ತಿನ್ನುವುದನ್ನು ಬಿಟ್ಟಿದ್ದಳು. ಓರೆಸ್ಟನೂ ಮಧ್ಯಾಹ್ನದ ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ದದ್ದನ್ನು ನಾನು ನೋಡಿದೆ.

ಗುರುವಾರ ಡ್ವೇನನ ಕ್ಷೌರದ ದಿನ. ಆವತ್ತು ಅವನು ಬರಿಗೈಯಲ್ಲಿ ಬರಲಿಲ್ಲ. ಪೈಕ್ ಮೀನಿನ ಬಾಯಿಂದ ಗಾಳದ ಕೊಕ್ಕೆ ಕೀಳುವ ಉದ್ದ ಮೂತಿಯ ಇಕ್ಕಳ ತಂದಿದ್ದ.

“ಸುತ್ತಿ ಬಳಸಿ ಮಾತು ಬೇಡ,” ಎಂದು ಅದನ್ನು ಬಾಚಣಿಗೆಗಳ ಪಕ್ಕ ಇಟ್ಟ. “ನನ್ನ ಕ್ಷೌರ ಮುಗೀಲಿ. ನೀನು ಹಲ್ಲಿ ಹಿಡ್ಕೊ, ನಾನು ಪೊರೆ ಎಳೀತೀನಿ. ಎರಡೇ ನಿಮಿಷ.”

ಓರೆಸ್ಟ್ ಇಕ್ಕಳ ನೋಡಿದ, ಲೆಸ್ಯಾಳನ್ನು ನೋಡಿದ. “ಹೌದು, ನಿಜ,” ಎಂದ. 

ಕುರ್ಚಿ ಹಿಂದಕ್ಕೆ ಒರಗಿತು. ಹಬೆಯ ಪೆಟ್ಟಿಗೆಯಿಂದ ಟವೆಲ್ ತೆಗೆದು, ಹಿಂಡಿ, ಮುಂಗೈ ಒಳಬದಿಗೆ ಒತ್ತಿ ಬಿಸಿ ನೋಡಿ, ಓರೆಸ್ಟ್ ಡ್ವೇನನ ಮುಖಕ್ಕೆ ಸುತ್ತಿದ. ಎರಡು ನಿಮಿಷ ಕಳೆದು, ತೆಗೆಯಲು ಕೈ ಹಾಕಿದ. ಟವೆಲಿನೊಳಗಿಂದ ದನಿ ಬಂತು:

“ಏಯ್, ಇರ್ಲಿ ಬಿಡೋ. ಏನವಸರ. ಈ ಒಣಗಾಳಿಗೆ ಚರ್ಮ ಕಾಗದ ಆಗೋಗಿದೆ. ಚೆನ್ನಾಗಿ ನೆನೀಲಿ. ನೆನೆಸದೆ ಎಳೆದ್ರೆ ಕಿತ್ತು ಬರತ್ತೆ, ಉರಿ ಯಾರು ತಡ್ಕೊಳ್ಳೋದು? ಮೂವತ್ತಾರು ವರ್ಷ ಆಯ್ತು, ಇಷ್ಟೂ ನಾನೇ ಹೇಳ್ಕೊಡ್ಬೇಕ?”

ಓರೆಸ್ಟನ ಕೈ ಅಲ್ಲೇ ನಿಂತಿತು. ಕಣ್ಣು ಲೆಸ್ಯಾಳ ಬೆರಳುಗಳ ಕಡೆ ಹೋಯಿತು. ಅವನು ಮೆಲ್ಲಗೆ ಇಕ್ಕಳ ಎತ್ತಿ, ಡ್ವೇನನ ಕೋಟು ತೂಗಿದ್ದ ಕಡೆ ಹೋಗಿ, ಜೇಬಿಗೆ ಹಾಕಿ ಬಂದ.

“ಇಲ್ಲ,” ಎಂದ.

“ಏನಿಲ್ಲ?”

“ಎಳೆಯೋದಿಲ್ಲ. ನೀನು ಅವಳನ್ನ ಮುಟ್ಟೋದಿಲ್ಲ.”

ಬೆಂಚಿನಲ್ಲಿ ನಾನು ಕಾಫಿ ಲೋಟ ಕೆಳಗಿಟ್ಟೆ.  

ಓರೆಸ್ಟ್ ಮೂರು ದೀಪಗಳಲ್ಲಿ ಎರಡನ್ನು ಕಿತ್ತು ಹಾಕಿದ. ಬಿಸ್ಕತ್ತಿನ ಡಬ್ಬಿಯೊಂದನ್ನು ಖಾಲಿ ಮಾಡಿ, ಮುಚ್ಚಳಕ್ಕೆ ತೂತು ಹೊಡೆದ. ಇನ್ನೊಂದು ಟವೆಲನ್ನು ತಣಿಯಲು ಬಿಟ್ಟು, ಮುಂಗೈಗೆ ಒತ್ತಿ ನೋಡಿ, ಮತ್ತೆ ತಣಿಯಲು ಬಿಟ್ಟು, ಮತ್ತೆ ಒತ್ತಿ ನೋಡಿ, ಉಗುರುಬೆಚ್ಚಗಾದ ಮೇಲೆ ಡಬ್ಬಿಯೊಳಗೆ ಹಾಸಿದ. ಲೆಸ್ಯಾಳ ಹೊಟ್ಟೆಯಡಿ ಅಂಗೈ ಕೊಟ್ಟು, ಬಾಲಕ್ಕೆ ಬೆರಳೂ ತಾಗಿಸದೆ, ಎತ್ತಿ ಅದರಲ್ಲಿ ಇಟ್ಟ. ಆಮೇಲೆ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡತೊಡಗಿದ. ಊರಿನ ಗಡ್ಡಗಳನ್ನು ಸಾವಿರಾರು ಸಲ ನೆನೆಸಿದ ಮನುಷ್ಯನಿಗೆ ಇದು ಹೊಳೆಯಲು ಮೂರು ವಾರ ಹಿಡಿಯಿತು. ಹಿಡಿಯದೆ ಏನು, ಮಧ್ಯೆ ಅಷ್ಟು ‘ಹೌದು’ಗಳಿದ್ದವಲ್ಲ.

“ಲೋ, ನನ್ ಟವೆಲ್ ತಣ್ಣಗಾಯ್ತು,” ಎಂದ ಡ್ವೇನ್.

“ಕೂತಿರು.”

ಇಪ್ಪತ್ತು ನಿಮಿಷದ ಮೇಲೆ ಡಬ್ಬಿ ತೆರೆದ. ಒದ್ದೆ ಹತ್ತಿಯ ಕಡ್ಡಿಯಿಂದ ಬೆರಳ ಬುಡದಿಂದ ತುದಿಗೆ, ಮಗುವಿನ ಮೊದಲ ಕ್ಷೌರ ಮಾಡುವವನಂತೆ ಉಸಿರು ಬಿಗಿಹಿಡಿದು ಉರುಳಿಸಿದ. ಮೊದಲ ಬೆರಳಿನ ಪೊರೆ ಉಂಗುರದಂತೆ ಜಾರಿ ಬಂತು. ಎರಡನೆಯದು ಜಾರಲಿಲ್ಲ. ಓರೆಸ್ಟ್ ಎಳೆಯಲಿಲ್ಲ. ಮತ್ತೆ ಡಬ್ಬಿ ಮುಚ್ಚಿ ಹತ್ತು ನಿಮಿಷ ಕೂತ. ಆಮೇಲೆ ಅದೂ ಬಂತು. ಮೂರನೆಯದರ ತುದಿ ಆಗಲೇ ಕಪ್ಪಾಗಿತ್ತು. ಅದು ಮುಂದಿನ ವಾರ ಬಿತ್ತು. ಮೊದಲೆರಡು ಮಾತ್ರ ನಾವು ನೋಡುತ್ತಿದ್ದಂತೆ ನೇರಳೆಯಿಂದ ಕೆಂಪಿಗೆ, ಕೆಂಪಿನಿಂದ ನಸುಗೆಂಪಿಗೆ ತಿರುಗಿದವು. ಲೆಸ್ಯಾ ತಿರುಗಿ, ಕಡ್ಡಿಗೆ ಅಂಟಿದ್ದ ತನ್ನ ಪೊರೆಯನ್ನು ಕಚ್ಚಿ ಎಳೆದು ನುಂಗಿದಳು. ಆರು ದಿನಕ್ಕೆ ಅದು ಅವಳ ಮೊದಲ ಊಟ. ಓರೆಸ್ಟ್ ಗೋಡೆಯ ಕಡೆ ತಿರುಗಿ, ಮಡಿಸಿದ್ದ ಟವೆಲುಗಳನ್ನೇ ಮತ್ತೆ ಮಡಿಸಿದ.

ಮಾರನೆಯ ದಿನ ಬೇಕರಿಯಲ್ಲಿ ಡ್ವೇನ್ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ: “ನೆನೆಸು ಅಂತ ನಾನೇ ಹೇಳಿದ್ದು. ಬೇಕಾದ್ರೆ ಓರೆಸ್ಟನ್ನ ಕೇಳಿ.”

ಮ್ಯೂರಿಯಲ್ ಅಂಗಡಿಗೆ ಬಂದು ಕೇಳಿದಳು. ಓರೆಸ್ಟ್ ಕತ್ತಿ ಮಸೆಯುತ್ತಿದ್ದ. ಯೋಚಿಸಿ ನೋಡಿದರೆ ಡ್ವೇನ್ ಹೇಳಿದ್ದು ಸುಳ್ಳೂ ಅಲ್ಲವಲ್ಲ.

“ಹೌದು, ನಿಜ,” ಎಂದ.

“ಅದರ ಜೊತೆಗೆ ಒಂಚೂರು ಬೆಣ್ಣೆನೂ—”

“ಇಲ್ಲ,” ಎಂದ ಓರೆಸ್ಟ್, ಕತ್ತಿ ಬದಿಗಿಟ್ಟು, ಉಳಿದ ಬೆರಳುಗಳಿಗಾಗಿ ಬಿಸ್ಕತ್ತಿನ ಡಬ್ಬಿಯ ಟವೆಲಿಗೆ ನೀರು ಚಿಮುಕಿಸುತ್ತ.