ಡಾಕ್ಟರ ಹಿಂದೆ ಬಿದ್ದ ಮಗಳು

ಗಲ್ಫಿನ ದುಖಾನ್ ಊರಿನ ಎಣ್ಣೆ ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದ ಯೂಸ್ಟೇಸರಿಗೆ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿ ಗೊತ್ತಿರಲಿಲ್ಲ. ಸಹಿ ಇಲ್ಲದೆ ಅವರ ಕೌಂಟರಿನಿಂದ ಒಂದು ನಟ್ಟೂ ಆಚೆ ಹೋಗುತ್ತಿರಲಿಲ್ಲ. ಸಹಿ ಇದ್ದರೆ, ಹಾಕಿದವನಿಗೆ ಫೋನು ಹೋಗುತ್ತಿತ್ತು. ಇಂಥವರ ಮಗಳು ಫ್ರೀಡಾ ಡಾಕ್ಟರಾಗಲು ಹೊರಟಳು, ಅದೂ ಅಮೆರಿಕದಲ್ಲಿ.

೧೯೯೬ರ ಬೇಸಿಗೆ. ಫ್ರೀಡಾ ದೋಹಾದ ಯೂನಿವರ್ಸಿಟಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿ ರಜೆಗೆ ಬಂದಿದ್ದಳು. ಶಿಕಾಗೋದಲ್ಲಿ ನರ್ಸ್ ಆಗಿದ್ದ ಅತ್ತೆ ಜೂಲಿಯೆಟ್ ಫೋನಿನಲ್ಲಿ ಹೇಳಿದ್ದರು: ಅಲ್ಲಿನ ಮೆಡಿಕಲ್ ಕಾಲೇಜಿಗೆ ಡಿಗ್ರಿ, ಮಾರ್ಕು ಮಾತ್ರ ಸಾಲದು, ಡಾಕ್ಟರೊಬ್ಬರ ಜೊತೆಗಿದ್ದು ಕೆಲಸ ನೋಡಿರಬೇಕು, ಅವರು ಇವಳ ಪರವಾಗಿ ಬರೆದುಕೊಡಬೇಕು. ಕಂಪನಿ ಕ್ಲಿನಿಕ್ಕಿನ ಡಾಕ್ಟರ್ ಲಕ್ಷ್ಮೀಪತಿ ಒಪ್ಪಿದರು. ನಲವತ್ತರ ಆಸುಪಾಸಿನ, ಹೆಂಡತಿ ಮಕ್ಕಳನ್ನು ದಾವಣಗೆರೆಯಲ್ಲಿ ಬಿಟ್ಟು ಬಂದ ಮನುಷ್ಯ. ಯೂಸ್ಟೇಸರು “ನೋಡುವಾ” ಎಂದಿದ್ದರು. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಆಗಸ್ಟಿನಲ್ಲಿ ಒಂದು ದಿನ ಪಕ್ಕದ ಕ್ವಾರ್ಟರ್ಸಿನ ವಾರಿಜಾಕ್ಷಿ ಯೂಸ್ಟೇಸರನ್ನು ಗೇಟಿನಲ್ಲೇ ತಡೆದಳು.

“ಹೇಳಿದ್ರೆ ಬೇಜಾರು ಮಾಡ್ಬೇಡಿ ಯೂಸ್ಟೇಸಣ್ಣ. ರಜೆಯಲ್ಲಿ ಎಂತ ಮಾಡ್ತಿದ್ದಿ ಅಂತ ಫ್ರೀಡಾನತ್ರ ಕೇಳಿದೆ. ‘ಡಾಕ್ಟರ್ ಲಕ್ಷ್ಮೀಪತಿ ಹಿಂದೆ ಬಿದ್ದಿದ್ದೇನೆ ಆಂಟಿ’ ಅಂದಳು. ನಗಾಡ್ಕೊಂಡೇ ಅಂದಳು ಮಾರಾಯ್ರೆ!”

ಹಾಗೆ ಡಾಕ್ಟರ ಬೆನ್ನಿಗಿದ್ದು ಕೆಲಸ ನೋಡುವುದಕ್ಕೆ ಇಂಗ್ಲಿಷಿನಲ್ಲಿ ‘ಶ್ಯಾಡೋ’ ಮಾಡುವುದು, ಅಂದರೆ ನೆರಳಾಗುವುದು ಎನ್ನುತ್ತಾರೆ. ಇಂಗ್ಲಿಷ್ ಶಾಲೆಯಲ್ಲಿ ಓದಿ ಮನೆಯಲ್ಲಿ ಕೊಂಕಣಿ ಆಡುವ ಹುಡುಗಿ, ಅದಕ್ಕೊಂದು ಕನ್ನಡ ಹುಡುಕಿ ಕೈಗೆ ಸಿಕ್ಕಿದ್ದನ್ನು ಹೇಳಿದ್ದಳು. ಮಗಳನ್ನೇ ಕೇಳಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಕೇಳಿಬಿಟ್ಟರೆ ಅವರು ಯೂಸ್ಟೇಸ್ ಹೇಗಾದಾರು?

ಹೆಂಡತಿ ಅಗಾತಾ ಕೂಡ ಮನೆಯಲ್ಲಿರಲಿಲ್ಲ, ಊರಿಗೆ ಹೋಗಿದ್ದಳು. ಯೂಸ್ಟೇಸರು ಮಗಳು ಹೊರಟರೆ ಅವಳ ಬಟ್ಟೆ ನೋಡಿದರು, ಡಾಕ್ಟರ ಹೆಸರೆತ್ತಿದರೆ ಅವಳ ದನಿಗೆ ಕಿವಿಗೊಟ್ಟರು. ಬೇಕೆಂದೇ ಹುಡುಕುವವರಿಗೆ ಏನು ತಾನೇ ಸಿಗುವುದಿಲ್ಲ? ಕೊನೆಗೆ ಹೊಟ್ಟೆನೋವೆಂದು ತಾವೇ ಕ್ಲಿನಿಕ್ಕಿಗೆ ನಡೆದರು.

ಡಾಕ್ಟರು ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಿದರು. ಫ್ರೀಡಾ ಕಾಲ ಬಳಿ ಕೈಕಟ್ಟಿ ನಿಂತಿದ್ದಳು. ಇಲ್ಲಿ ನೋವಾ, ಇಲ್ಲಿ ನೋವಾ ಎಂದರೆ ಯೂಸ್ಟೇಸರದು ಎಲ್ಲದಕ್ಕೂ ಹ್ಞೂಂ.

“ನಿನಗೇನು ಕಾಣಿಸ್ತಮ್ಮಾ?” ಡಾಕ್ಟರು ಎಂದಿನಂತೆ ಅವಳನ್ನು ಕೇಳಿದರು.

ಅವಳು ತಡವರಿಸಿದಳು. “ನೋವಿದ್ದವರು ನಿಮ್ಮ ಕೈ ನೋಡ್ತಾರೆ ಸರ್. ಡ್ಯಾಡಿ ನಿಮ್ಮ ಮುಖ ನೋಡ್ತಾರೆ. ಮತ್ತೆ ನನ್ನದು.”

ಡಾಕ್ಟರು ಕೈ ಹಿಂದಕ್ಕೆ ತೆಗೆದುಕೊಂಡರು. ಯೂಸ್ಟೇಸರು ಬಂದದ್ದು ಹೊಟ್ಟೆನೋವಿಗಲ್ಲ, ಮಗಳ ಕಾವಲಿಗೆ ಎಂದು ಅವರಿಗೆ ಅರ್ಥವಾಗಿತ್ತು.

“ನಾಳೆಯಿಂದ ನೀನು ಬರೋದು ಬೇಡ. ನನ್ನ ನೌಕರಿ ಹೋಗೋಕೆ ಈ ಊರಲ್ಲಿ ಒಂದು ಮಾತು ಸಾಕು.”

“ಯಾರು ಎಂತ ಹೇಳಿದ್ದು ಡ್ಯಾಡಿ?” ಫ್ರೀಡಾ ಕೇಳಿದಳು.

ಯೂಸ್ಟೇಸರು ಹೇಳಿದರು. ಅವಳು ತನ್ನ ಕನ್ನಡದ ಅರ್ಥ ಬಿಡಿಸಿ ಹೇಳಿದಳು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ, ಅವಳು ಮಾತ್ರ ನಗಲಿಲ್ಲ. ಡಾಕ್ಟರು ಬರೆದುಕೊಡದಿದ್ದರೆ ಅರ್ಜಿ ಹಾಕುವಂತೆಯೇ ಇರಲಿಲ್ಲ. ಯೂಸ್ಟೇಸರು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಕೈ ಮುಗಿದರು. ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದರು.

“ಹಾಗಾದ್ರೆ ನೀವೂ ಬನ್ನಿ,” ಎಂದರು ಡಾಕ್ಟರು. “ಇವಳು ಇರೋಷ್ಟು ಹೊತ್ತು ಹೊರಗಡೆ ಬೆಂಚಿನ ಮೇಲೆ ಕೂತಿರಿ. ಜನ ನೋಡ್ಲಿ.”

ಊರಿಗೆ ಹೋಗಲು ಉಳಿಸಿಟ್ಟ ರಜೆಯನ್ನು ಯೂಸ್ಟೇಸರು ಬೆಂಚಿನ ಮೇಲೆ ಕಳೆದರು. ಜನ ನೋಡಿದರು, ವಾರಿಜಾಕ್ಷಿಯೂ ಕೆಮ್ಮಿನ ಔಷಧಿಯ ನೆಪದಲ್ಲಿ ಬಂದು ನೋಡಿ ಹೋದಳು. ರಜೆ ಮುಗಿಯುವಾಗ ಡಾಕ್ಟರು ಫ್ರೀಡಾಳ ಬಗ್ಗೆ ಒಳ್ಳೆಯದನ್ನೇ ಬರೆದುಕೊಟ್ಟರು.

ಮಗಳನ್ನು ದೋಹಾಕ್ಕೆ ಬಿಡಲು ಹೋಗುವಾಗ ಕಾರಿನಲ್ಲಿ ಯೂಸ್ಟೇಸರು ಮಾತು ತೆಗೆದರು. “ಲಕ್ಷ್ಮೀಪತಿ ಬಂಗಾರದಂಥ ಮನುಷ್ಯ. ನಾನು ಅಲ್ಲಿ ಕೂತದ್ದು ಜನರ ಬಾಯಿ ಮುಚ್ಚಿಸ್ಲಿಕ್ಕೆ, ಗೊತ್ತುಂಟಲ್ಲ?”

ಫ್ರೀಡಾ ಮರಳಿನ ಕಡೆಗೇ ನೋಡುತ್ತಿದ್ದಳು.

“ನಿನ್ನೆ ಡಾಕ್ಟರು ಒಬ್ಬ ಪೇಶೆಂಟನ್ನು ನೋಡುವಾಗ ಪರದೆ ಎಳೆದ್ರಲ್ಲ ಡ್ಯಾಡಿ. ಆಗ ನೀವು ಬೆಂಚಿನಿಂದ ಎದ್ದು ಒಳಗೆ ಬಂದು ನಿಂತ್ರಿ. ಪರದೆಯ ಅಡಿಯಲ್ಲಿ ನಿಮ್ಮ ಶೂ ಕಾಣ್ತಿತ್ತು.”

ಯೂಸ್ಟೇಸರು ಕಾರಿನ ವೇಗ ಕಡಿಮೆ ಮಾಡಿದರು.

“ನಾನು ಡಾಕ್ಟರ್ ಆದ ಮೇಲೂ ಬಂದು ನಿಲ್ತೀರಾ?”

ಅವಳ ದನಿಯಲ್ಲಿ ಸಿಟ್ಟಿದ್ದರೆ ಯೂಸ್ಟೇಸರು ತಿರುಗಿ ಗದರಿಸುತ್ತಿದ್ದರು. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು.