ಧಣಿಯ ಪುಡಿ, ಅಮೀನಾಬಿಯ ಮಿಸ್ವಾಕ್

ಎಪ್ಪತ್ತರ ದಶಕದ ನಡುಭಾಗದಲ್ಲಿ ನಾನು ಮಳವಳ್ಳಿಯಲ್ಲಿ ಸರ್ಕಾರಿ ದಂತವೈದ್ಯೆಯಾಗಿದ್ದೆ. ಒಂದು ಬೆಳಿಗ್ಗೆ ಜುಬೇದಾ ಎಂಬ ಚಿಕ್ಕ ವಯಸ್ಸಿನ ಹೆಂಗಸು, ಖಾರ ತಗುಲಿದರೆ ಬಾಯಿ ಉರಿಯುತ್ತದೆಂದು ಬಂದಳು. ಕೆಳತುಟಿ ಮಡಚಿ ನೋಡಿದೆ. ಲ್ಯೂಕೋಪ್ಲೇಕಿಯಾ. ಒರೆಸಿದರೂ ಹೋಗದ, ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ. ಹಲ್ಲು ಯಾವುದರಲ್ಲಿ ಉಜ್ಜುತ್ತೀ ಎಂದು ಕೇಳಿದರೆ ಸೆರಗಿನ ಗಂಟು ಬಿಚ್ಚಿ ಕರಿ ಪುಡಿ ತೋರಿಸಿದಳು. ಸುಟ್ಟ ತಂಬಾಕು.

"ಧಣಿ ಕೊಡ್ತಾರೆ. ತಿಕ್ಕೊಂಡ್ರೆ ಅಸಿವಾಗಲ್ಲ, ಕೆಲ್ಸ ಸಾಗ್ತದೆ."

ಧಣಿ ಎಂದರೆ ಚೆನ್ನಪ್ಪ, ರೇಷ್ಮೆ ನೂಲು ತೆಗೆಯುವ ಶೆಡ್ಡಿನ ಮಾಲೀಕ. ಅಲ್ಲಿ ದುಡಿಯುತ್ತಿದ್ದವರು ಬಹುತೇಕ ಮುಸ್ಲಿಂ ಹೆಂಗಸರು. ಊಟಕ್ಕೆ ಏಳುವ ಹೊತ್ತು ಉಳಿಯಲೆಂದು ವಿಷವನ್ನು ಬಿಟ್ಟಿ ಹಂಚುವ ಆ ದಾನಶೂರನನ್ನು ನೋಡಲೆಂದೇ ಹೋದೆ. ತನ್ನ ಹಲ್ಲಿಗೆ ಮಾತ್ರ ಬೆಂಗಳೂರಿನಿಂದ ಪೇಸ್ಟು ತರಿಸುತ್ತಿದ್ದ ಮನುಷ್ಯ, ಬೆಳ್ಳಗೆ ನಗುತ್ತ ಕುರ್ಚಿ ಹಾಕಿಸಿದ.

ಪುಡಿ ನಿಲ್ಲಿಸಿ, ಈ ಹೆಂಗಸರ ಮನೆಯ ಗಂಡಸರು ಹಲ್ಲುಜ್ಜಲು ಮಸೀದಿಯ ಮುಂದೆ ಕೊಳ್ಳುವ ಮಿಸ್ವಾಕ್ ಕಡ್ಡಿಯನ್ನೇ ಇವರೂ ಬಳಸಲಿ ಎಂದೆ.

"ಅದು ಗಂಡಸ್ರುದು ಕಣಮ್ಮ. ಅವ್ರ ಧರ್ಮಕ್ಕೆ ನೀವು ಕೈ ಆಕ್ಬೇಡಿ" ಎಂದ. ರಂಜಾನಿಗೆ ಅರ್ಧ ದಿನ ರಜೆ ಕೊಡದವನಿಗೆ ಅವರ ಧರ್ಮದ ಮೇಲೆ ಎಂಥ ಕಾಳಜಿ!

ಕುದಿನೀರಿನ ಬಾಣಲೆಯ ಮುಂದಿದ್ದ ಜುಬೇದಾಳ ತಾಯಿ ಅಮೀನಾಬಿ ತಲೆಯೆತ್ತಿದಳು. "ನಮ್ ಧರ್ಮ ನಮಗೆ ಗೊತ್ತಿಲ್ವಾ ಧಣಿ? ಪೈಗಂಬರ್ರ ಮನೆ ಹೆಂಗಸ್ರೂ ಇದೇ ಕಡ್ಡೀಲಿ ಉಜ್ಜವ್ರೆ." ಎದ್ದುಬಂದು ಪುಡಿಯ ಡಬ್ಬಿಯನ್ನು ಚರಂಡಿಗೆ ಸುರಿದಳು.

"ನಾಳಿಂದ ಬರಬ್ಯಾಡ, ಓಗು!" ಚೆನ್ನಪ್ಪ ಅರಚಿದ.

ಉಳಿದವರೂ ಒಬ್ಬೊಬ್ಬರಾಗಿ ಎದ್ದು ನಿಂತರು. ಬಾಣಲೆಗಳಲ್ಲಿ ರೇಷ್ಮೆಗೂಡು ಅತಿಯಾಗಿ ಬೆಂದು ನೂಲು ಹಾಳಾಗತೊಡಗಿತು. ಅಷ್ಟಕ್ಕೇ ನಮ್ಮ ಧರ್ಮರಕ್ಷಕನ ದನಿ ಇಳಿಯಿತು. "ಏನಾದ್ರೂ ತಿಕ್ಕೊಳ್ಳಿ, ಮೊದ್ಲು ಕುಂತ್ಕಳಿ" ಎಂದ.

ಮದ್ದೂರಿನಿಂದ ಕಡ್ಡಿಯ ಕಟ್ಟುಗಳನ್ನು ತರಿಸಿ, ತುದಿ ಜಗಿದು ಕುಂಚದಂತೆ ಮಾಡಿಕೊಂಡು ವಸಡಿಗೆ ನೋವಾಗದಂತೆ ಉಜ್ಜುವುದನ್ನು ಹೇಳಿಕೊಟ್ಟೆ. ಮೊದಮೊದಲು ನಾಚಿ ಸೆರಗಿನ ಮರೆಯಲ್ಲಿ ಉಜ್ಜುತ್ತಿದ್ದವರು ಆಮೇಲೆ ಕೊಳಾಯಿಯ ಬಳಿಯೇ ನಿಂತು ಉಜ್ಜತೊಡಗಿದರು. ತಂಬಾಕು ಬಿಟ್ಟ ಮೇಲೆ ಜುಬೇದಾಳ ಮಚ್ಚೆ ಮೆಲ್ಲಗೆ ಮಾಸಿತು.

ಆಸ್ಪತ್ರೆಗೆ ಎಲ್ಲರನ್ನೂ ಕರೆತರುತ್ತಿದ್ದವಳು ಅಮೀನಾಬಿಯೇ. ತನ್ನ ಸರದಿ ಬಂದರೆ ಮಾತ್ರ "ಮುದುಕೀದೇನ್ ನೋಡೀಯಾ, ಬುಡವ್ವಾ" ಎಂದು ನಕ್ಕು ತಪ್ಪಿಸಿಕೊಳ್ಳುತ್ತಿದ್ದಳು. ಅನ್ನ ನುಂಗಲಾಗದೆ ಕೊನೆಗೊಂದು ದಿನ ತಾನೇ ಬಂದು ಕೂತಳು. ನಾಲಗೆಯಡಿ ಗಟ್ಟಿಯಾದ ಹುಣ್ಣು, ವರ್ಷಗಟ್ಟಲೆ ತಿಕ್ಕಿದ ಅದೇ ಪುಡಿ ತಂದ ಕ್ಯಾನ್ಸರ್. ಬೆಂಗಳೂರಿಗೆ ಕಳಿಸಿದೆ, ಅಲ್ಲಿ ಕೈಚೆಲ್ಲಿದರು. ಆ ವರ್ಷವೇ ತೀರಿಕೊಂಡಳು.

ಮುಂದೆ ಯಾವುದೋ ಸನ್ಮಾನದಲ್ಲಿ ಚೆನ್ನಪ್ಪ ಕೊರಳಲ್ಲಿ ಹಾರ ಹಾಕಿಕೊಂಡು, ತನ್ನ ಹೆಣ್ಣಾಳುಗಳಿಗೆ ಮಿಸ್ವಾಕ್ ರೂಢಿ ಮಾಡಿಸಿದ್ದು ತಾನೇ ಎಂದು ಭಾಷಣ ಮಾಡಿದ. ನಾನು ಎದ್ದು ಹೊರಬಂದೆ. ಅಂಥವನಿಗೆ ಉತ್ತರ ಕೊಡುವುದೂ ಮರ್ಯಾದೆ ಕೊಟ್ಟಂತೆ.

ಅಮೀನಾಬಿಯಿಂದ ಕಲಿತದ್ದನ್ನು ಮಾತ್ರ ನಿವೃತ್ತಿಯವರೆಗೂ ಬಿಡಲಿಲ್ಲ. ಯಾರನ್ನಾದರೂ ಕರೆತಂದು ಪಕ್ಕದಲ್ಲಿ ನಿಂತವರಿಗೆ ಮೊದಲು ಹೇಳುತ್ತಿದ್ದೆ: "ನೀವು ಕೂತ್ಕೊಳ್ಳಿ. ಬಾಯಿ ತೆಗೀರಿ."